ಕೇಳದ ಸಂಗೀತಕ್ಕೆ ಚಾರ್ಟು

‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ವಿಷಯದ ನಿಯೋಜಿತ ಕಾರ್ಯಕ್ಕೆ ಚೀಟಿ ಎತ್ತಿದಾಗ ನನಗೆ ಬಂದದ್ದು ‘ಪಾಶ್ಚಾತ್ಯ ಸಂಗೀತದ ರೊಮ್ಯಾಂಟಿಕ್ ಯುಗ: ಸಂಯೋಜಕರು ಮತ್ತು ಪ್ರಕಾರಗಳು’. ಪಕ್ಕದ ಗೆಳತಿಗೆ ಡೊಳ್ಳು ಕುಣಿತ ಬಂತು. ಅವಳ ಮುಖ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಾನು ಭೌತಶಾಸ್ತ್ರ, ಗಣಿತ ಓದಿ ಬಂದವಳು. ಪಿಯಾನೊವನ್ನು ಸಿನಿಮಾದಲ್ಲಿ ಶ್ರೀಮಂತರ ಮನೆ ತೋರಿಸುವಾಗ ಮಾತ್ರ ನೋಡಿದ್ದೆ.

ಎರಡು ಸಂಜೆ ಕೂತು ಚಾರ್ಟು ಬರೆದೆ. ಹೆಸರು, ದೇಶ, ಇಸವಿ, ಪ್ರಕಾರ ಎಂದು ನಾಲ್ಕು ಕಾಲಂ. ಶುಬರ್ಟ್, ಆಸ್ಟ್ರಿಯಾ, 1797–1828, ಲೀಡ್. ಶೋಪ್ಯಾಂ, ಪೋಲೆಂಡ್, 1810–1849, ನಾಕ್ಟರ್ನ್ ಮತ್ತು ಬ್ಯಾಲಡ್. ಲಿಸ್ಟ್, ಹಂಗೇರಿ, 1811–1886, ಸಿಂಫೋನಿಕ್ ಪೊಯಂ. ವಾಗ್ನರ್, ಜರ್ಮನಿ, 1813–1883, ಆಪೆರಾ. ಹೀಗೆ ಹನ್ನೆರಡು ಸಾಲು. ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಕಾಲ: 1800–1900’ ಎಂದು ಬರೆದು ಸುತ್ತ ಒಂದು ಚೌಕ. ಸೆಮಿನಾರಿನಲ್ಲಿ ಒಳ್ಳೆಯ ಅಂಕವೇ ಬಂತು. ನಾಲ್ವರು ಸಹಪಾಠಿಗಳು ಅದರ ಫೋಟೊ ತೆಗೆದುಕೊಂಡರು. ಆ ಕೊಠಡಿಯಲ್ಲಿದ್ದ ನಾವ್ಯಾರೂ ಆ ಹನ್ನೆರಡು ಜನರಲ್ಲಿ ಒಬ್ಬರ ಸಂಗೀತವನ್ನೂ ಆ ದಿನ ಒಂದು ನಿಮಿಷ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಈ ಬರಹ ಆ ಚಾರ್ಟಿನ ಬಗ್ಗೆ.

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ರಾಜಾಜಿನಗರದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆ. ಒಂಬತ್ತನೇ ತರಗತಿಗೆ ‘ಶಬ್ದ’ ಅಧ್ಯಾಯ. ಪಾಠಯೋಜನೆಯಲ್ಲಿ ಕಲಾ ಸಂಯೋಜಿತ ಕಲಿಕೆ ಇದ್ದರೆ ವೀಕ್ಷಕರಿಗೆ ಖುಷಿಯಾಗುತ್ತದೆಂದು ಹಿರಿಯ ಬ್ಯಾಚಿನವರು ಹೇಳಿದ್ದರು. ಚಾರ್ಟು ಹೇಗೂ ಸಿದ್ಧವಿತ್ತು. ಸುರುಳಿ ಬಿಚ್ಚಿ ಕರಿಹಲಗೆಯ ಪಕ್ಕದ ಮೊಳೆಗೆ ತೂಗುಹಾಕಿದೆ. ‘ರೊಮ್ಯಾಂಟಿಕ್’ ಎಂಬ ಶಬ್ದ ಓದಿದ ಕೂಡಲೇ ಹಿಂದಿನ ಬೆಂಚಿನಿಂದ ನಗು ಎದ್ದಿತು. ‘ಲವ್ ಸಾಂಗಾ ಮಿಸ್?’ ಎಂದು ಒಬ್ಬ ಕೇಳಿದ. ಅದನ್ನು ಹೇಗೋ ಅಡಗಿಸಿ ಸ್ಥಾಯಿ, ಗಟ್ಟಿತನ, ನಾದಗುಣ ಎಂದು ಶುರುಮಾಡಿ, ನಡುವೆ ಶೋಪ್ಯಾಂ ಹೆಸರು ತೂರಿಸಿ, ಲೀಡ್ ಎಂದರೆ ಕವಿತೆಗೆ ಕೂಡಿಸಿದ ಹಾಡು ಎಂದು ವಿವರಿಸುತ್ತಿದ್ದೆ. ಎರಡನೇ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ‘ಮಿಸ್, ನೀವು ಇದನ್ನ ಕೇಳಿದೀರಾ?’

‘ಹೂಂ, ಕೇಳಿದೀನಿ’ ಅಂದೆ.

ಸುಳ್ಳು. ಹದಿನಾಲ್ಕು ವರ್ಷದ ಮಗುವಿಗೆ, ತರಗತಿಯಲ್ಲಿ ನಿಂತು, ಅನಾಯಾಸವಾಗಿ ಹೇಳಿದ ಸುಳ್ಳು. ಆ ದಿನದ ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣದ ಬಳಕೆ ಉತ್ತಮ’ ಎಂಬ ಷರಾ ಇದೆ. ಅದನ್ನು ಈಗಲೂ ತೆರೆದು ನೋಡಲು ಆಗುವುದಿಲ್ಲ.

ಸಂಜೆ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ ಕೆಂಗೇರಿಗೆ ಹೋಗುವಾಗ ಇಯರ್‌ಫೋನ್ ಹಾಕಿಕೊಂಡು ಚಾರ್ಟಿನ ಮೊದಲ ಹೆಸರಿನಿಂದಲೇ ಹುಡುಕಿದೆ. ಶುಬರ್ಟ್ ಆರುನೂರಕ್ಕೂ ಹೆಚ್ಚು ಹಾಡು ಬರೆದಿದ್ದಾನೆ. ಸಿಕ್ಕಿದ್ದು ‘ಎರ್ಲ್‌ಕೋನಿಗ್’. ಗಯಟೆಯ ಕವಿತೆಗೆ 1815ರಲ್ಲಿ, ಹದಿನೆಂಟು ವರ್ಷದ ಹುಡುಗನಾಗಿದ್ದಾಗ ಮಾಡಿದ ಸಂಯೋಜನೆ. ನಾಲ್ಕು ನಿಮಿಷದ ಹಾಡು. ವಿಜಯನಗರ ದಾಟುವಷ್ಟರಲ್ಲಿ ಎರಡು ಸಲ ಕೇಳಿದ್ದೆ. ಜರ್ಮನ್ ಒಂದಕ್ಷರ ತಿಳಿಯದಿದ್ದರೂ ಯಾರನ್ನೋ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಂದು ತಿಳಿಯಿತು. ಮನೆಗೆ ಹೋಗಿ ಕಥೆ ಓದಿದೆ. ರಾತ್ರಿ, ಗಾಳಿ, ಕಾಯಿಲೆಯ ಮಗುವನ್ನು ಎದೆಗವಚಿಕೊಂಡು ಕುದುರೆಯ ಮೇಲೆ ಓಡುತ್ತಿರುವ ತಂದೆ. ಮಗುವಿಗೆ ಮಾತ್ರ ಕಾಣುವ ಒಂದು ಭೂತ ಅದನ್ನು ಕರೆಯುತ್ತದೆ. ತಂದೆ ಅದು ಮಂಜು, ಅದು ಎಲೆಯ ಸದ್ದು ಎಂದು ಸಮಾಧಾನ ಹೇಳುತ್ತಾನೆ. ಮನೆ ಮುಟ್ಟುವಾಗ ತೋಳಿನಲ್ಲಿರುವ ಮಗು ಸತ್ತಿರುತ್ತದೆ.

ನನ್ನ ಚಾರ್ಟಿನಲ್ಲಿ ಇದಕ್ಕೆ ಇದ್ದ ಜಾಗ ‘ಲೀಡ್’ ಎಂಬ ಎರಡಕ್ಷರ.

ಮುಂದಿನ ವಾರ ಸಹೋದ್ಯೋಗಿಯೊಬ್ಬರ ಬಿಡುವಿನ ಅವಧಿ ಕೇಳಿ ಪಡೆದು, ಗೆಳತಿಯ ತಮ್ಮನ ಬ್ಲೂಟೂತ್ ಸ್ಪೀಕರ್ ತಂದೆ. ಮೊದಲು ಆ ಹುಡುಗಿಗೆ, ಎಲ್ಲರ ಎದುರಿಗೇ, ಅವತ್ತು ನಾನು ಕೇಳಿರಲಿಲ್ಲ, ಸುಳ್ಳು ಹೇಳಿದ್ದೆ ಎಂದೆ. ‘ಗೊತ್ತಿತ್ತು ಮಿಸ್, ಚಾರ್ಟ್ ನೋಡ್ಕೊಂಡೇ ಹೇಳ್ತಿದ್ರಿ’ ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ನನಗೆ ಹೆಚ್ಚು ನಾಟಿತು. ಶಿಕ್ಷಕರು ತಮಗೆ ಗೊತ್ತಿಲ್ಲದ್ದನ್ನು ಹೇಳುತ್ತಾರೆ ಎಂಬುದು ಆ ಮಕ್ಕಳಿಗೆ ಮಾಮೂಲಿ ಸಂಗತಿ.

ಹಾಡನ್ನು ಹೆಸರು, ದೇಶ, ಇಸವಿ ಏನನ್ನೂ ಹೇಳದೆ ಹಾಕಿದೆ. ಒಂದೇ ಪ್ರಶ್ನೆ: ಎಷ್ಟು ಜನ ಹಾಡುತ್ತಿದ್ದಾರೆ? ಇಬ್ಬರು, ಮೂವರು, ನಾಲ್ವರು ಎಂದು ಕೂಗಿದರು. ಒಬ್ಬನೇ ಎಂದಾಗ ನಂಬಲಿಲ್ಲ, ಮತ್ತೆ ಹಾಕಿಸಿದರು. ಹಿಂದೆ ಬರುವ ಸದ್ದು ಏನು ಎಂದದ್ದಕ್ಕೆ ಒಬ್ಬ ಮಳೆ ಅಂದ, ಒಬ್ಬಳು ರೈಲು ಅಂದಳು, ‘ಲವ್ ಸಾಂಗಾ’ ಎಂದು ಕೇಳಿದ್ದ ಹುಡುಗ ‘ಚೇಸಿಂಗ್ ಬಿಜಿಎಂ ಮಿಸ್’ ಅಂದ. ಪಿಯಾನೊದಲ್ಲಿ ಬಲಗೈ ಒಂದೇ ಸ್ವರವನ್ನು ಮೂರು ಮೂರಾಗಿ ಬಿಡುವಿಲ್ಲದೆ ಬಡಿಯುವುದು ಕುದುರೆಯ ಓಟ ಎಂದು ಆಮೇಲೆ ಹೇಳಿದೆ. ಕಥೆ ಹೇಳಿ ಮೂರನೇ ಸಲ ಹಾಕಿದಾಗ ತರಗತಿ ನಿಶ್ಶಬ್ದ. ಕೊನೆಗೆ ಪಿಯಾನೊ ನಿಂತುಹೋಗಿ ಗಾಯಕ ಹಾಡುವುದನ್ನು ಬಿಟ್ಟು ಮಾತಿನ ಹಾಗೆ ಸಾವಿನ ಸುದ್ದಿ ಹೇಳುವ ಕಡೆ ಯಾರೂ ಅಲುಗಾಡಲಿಲ್ಲ. ಆಮೇಲೆ ಮುಂದಿನ ಬೆಂಚಿನ ಒಬ್ಬಳು, ‘ಗೋವಿನ ಹಾಡಲ್ಲಿ ಹುಲಿ ಬಿಟ್ಬಿಡತ್ತೆ. ಇದು ಬಿಡ್ಲಿಲ್ಲ’ ಅಂದಳು.

ಅದಕ್ಕಿಂತ ಒಳ್ಳೆಯ ಪೀಠಿಕೆಯನ್ನು ನಾನು ಯೋಜಿಸಲಾರೆ. ಕಥನಗೀತೆ ಎಂದರೇನೆಂದು ಕನ್ನಡದ ಮಕ್ಕಳಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಒಬ್ಬರೇ ಹಾಡುತ್ತ ಹುಲಿಯೂ ಹಸುವೂ ಕರುವೂ ಆಗುವುದನ್ನು ಅವರು ಬಲ್ಲರು. ಹರಿಕಥೆಯ ದಾಸರೂ ಇದನ್ನೇ ಮಾಡುತ್ತಾರೆ. ಅಲ್ಲಿಂದ ಶೋಪ್ಯಾಂನ ಬ್ಯಾಲಡ್‌ಗೆ ಒಂದೇ ಹೆಜ್ಜೆ: ಕಥನಗೀತೆಯಿಂದ ಮಾತನ್ನು ಪೂರ್ತಿ ತೆಗೆದು ಕಥೆ ಹೇಳುವ ನಡೆಯನ್ನು ಮಾತ್ರ ಪಿಯಾನೊಗೆ ಕೊಟ್ಟರೆ ಹೇಗಿರುತ್ತದೆ? ಅಂಥವು ನಾಲ್ಕನ್ನು ಅವನು ಬರೆದ. ಮೊದಲನೆಯದು 1836ರಲ್ಲಿ ಪ್ರಕಟವಾಯಿತು. ಅದರ ಆರಂಭದ ಒಂದು ನಿಮಿಷ ಕೇಳಿಸಿ ‘ಏನಾಗುತ್ತಿದೆ, ಬರೆಯಿರಿ’ ಎಂದೆ. ಇಪ್ಪತ್ತೆಂಟು ಮಕ್ಕಳು ಇಪ್ಪತ್ತೆಂಟು ಕಥೆ ಬರೆದರು. ಒಂದರಲ್ಲಿ ಬಸವೇಶ್ವರನಗರದ ಬಸ್ಸು ತಪ್ಪಿಸಿಕೊಂಡ ಅಜ್ಜಿ ಇದ್ದರು.

‘ರಮ್ಯ’ ಎಂಬ ಪದವನ್ನು ಆ ಮೇಲೆ ಹಲಗೆಯ ಮೇಲೆ ಬರೆದೆ. ಆಗ ಯಾರೂ ನಗಲಿಲ್ಲ. ನಮ್ಮ ಕನ್ನಡ ವಿಧಾನದ ಗೆಳೆಯರು ಇಲ್ಲಿ ನಕ್ಕಾರು, ಏಕೆಂದರೆ ಬಿ.ಎಂ.ಶ್ರೀ. ಅವರ 1926ರ ‘ಇಂಗ್ಲಿಷ್ ಗೀತಗಳು’, ನವೋದಯ, ರಮ್ಯ ಕಾವ್ಯ ಎಲ್ಲ ಅವರಿಗೆ ಕಂಠಪಾಠ. ಆದರೆ ಆ ರಮ್ಯ ಮನೋಭಾವಕ್ಕೆ ಕಾವ್ಯದ ಜೊತೆ ಸಂಗೀತದ ಇನ್ನೊಂದು ಕಿವಿಯೂ ಇತ್ತು ಎಂಬುದು ಅವರ ಚಾರ್ಟಿನಲ್ಲೂ ಇರುವುದಿಲ್ಲ. ಗಯಟೆಗೆ ಶುಬರ್ಟ್ ಇದ್ದ ಹಾಗೆ ನಮ್ಮ ನವೋದಯದ ಕವಿಗಳಿಗೆ ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಬಂದರು. ಹೋಲಿಕೆ ಒಂದು ಹಂತದವರೆಗೆ ಮಾತ್ರ. ಸುಗಮ ಸಂಗೀತದಲ್ಲಿ ಹಾಡುವವರೇ ಮುಖ್ಯ, ವಾದ್ಯ ಹಿಂದೆ ನಿಲ್ಲುತ್ತದೆ. ಲೀಡ್‌ನಲ್ಲಿ ಪಿಯಾನೊ ಕುದುರೆಯೂ ಆಗುತ್ತದೆ, ಗಾಳಿಯೂ ಆಗುತ್ತದೆ. ಈ ವ್ಯತ್ಯಾಸವನ್ನು ಎರಡನ್ನೂ ಕೇಳಿಸಿದವರು ಎರಡು ನಿಮಿಷದಲ್ಲಿ ಹೇಳಿಸಿಬಿಡಬಹುದು. ಬರೆಸಹೊರಟರೆ ಒಂದು ಅವಧಿ ಸಾಲದು.

‘ಶಬ್ದ’ ಅಧ್ಯಾಯ ಎಲ್ಲಿ ಹೋಯಿತು ಎಂದು ನನ್ನ ಮಾರ್ಗದರ್ಶಕ ಶಿಕ್ಷಕರೂ ಕೇಳಿದರು. ನ್ಯಾಯವಾದ ಪ್ರಶ್ನೆ. ಅಧ್ಯಾಯ ಆ ಹಾಡಿನೊಳಗೇ ಇತ್ತು ಎಂಬುದು ನನ್ನ ಉತ್ತರ. ಮಗು ‘ಅಪ್ಪಾ’ ಎಂದು ಕೂಗುವಾಗ ಪ್ರತಿ ಸಲ ಹಿಂದಿನದಕ್ಕಿಂತ ಮೇಲಿನ ಸ್ವರದಲ್ಲಿ ಕೂಗುತ್ತದೆ. ಅದು ಆವೃತ್ತಿ. ಭೂತ ಆಸೆ ತೋರಿಸುವಾಗ ದನಿ ಮೆತ್ತಗಾಗುತ್ತದೆ. ಅದು ಪಾರ. ತಂದೆಗೂ ಭೂತಕ್ಕೂ ಇರುವುದು ಒಂದೇ ಗಂಟಲು, ಆದರೂ ಇಬ್ಬರೆಂದು ಕಿವಿ ನಂಬುತ್ತದೆ. ನಾದಗುಣದ ಚರ್ಚೆ ಶುರುಮಾಡಲು ಇನ್ನೇನು ಬೇಕು? ಪಿಯಾನೊದ 88 ಮನೆಗಳು 27.5 ಹರ್ಟ್ಸ್‌ನಿಂದ ಸುಮಾರು 4,186 ಹರ್ಟ್ಸ್‌ವರೆಗೆ ಹೋಗುತ್ತವೆ. ನಮ್ಮ ಪಠ್ಯದ 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂಬ ಶ್ರವ್ಯ ವ್ಯಾಪ್ತಿಯ ಸಾಲು ಆಗ ಬರೀ ಅಂಕಿಯಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು ವಿಜ್ಞಾನ ವಿಧಾನದವರಿಗೇ. ಆ ಸಂಗೀತ ಅಷ್ಟು ಗಟ್ಟಿಯಾಗಿ, ಅಷ್ಟು ಬಣ್ಣಬಣ್ಣವಾಗಿ ಆಗಲು ಕಾರಣ ಬರೀ ಭಾವನೆಯಲ್ಲ, ಕಬ್ಬಿಣ ಕೂಡ. 1825ರಲ್ಲಿ ಬಾಸ್ಟನ್ನಿನ ಬ್ಯಾಬ್‌ಕಾಕ್ ಎಂಬಾತ ಪಿಯಾನೊಗೆ ಎರಕದ ಕಬ್ಬಿಣದ ಚೌಕಟ್ಟಿನ ಪೇಟೆಂಟ್ ಪಡೆದ. ತಂತಿಯನ್ನು ಹೆಚ್ಚು ಬಿಗಿಯಬಹುದಾಯಿತು, ದೊಡ್ಡ ಸಭಾಂಗಣ ತುಂಬುವ ದನಿ ಬಂತು. ಅದೇ ಶತಮಾನದಲ್ಲಿ ತುತ್ತೂರಿಗೆ ವಾಲ್ವ್ ಬಂತು. 1846ರಲ್ಲಿ ಅಡೋಲ್ಫ್ ಸ್ಯಾಕ್ಸ್ ತನ್ನ ವಾದ್ಯಕ್ಕೆ ಪೇಟೆಂಟ್ ಪಡೆದ. 1863ರಲ್ಲಿ ಹೆಲ್ಮ್‌ಹೋಲ್ಟ್ಸ್ ಒಂದೇ ಸ್ಥಾಯಿಯ ಎರಡು ವಾದ್ಯಗಳು ಬೇರೆಬೇರೆಯಾಗಿ ಕೇಳುವುದು ಅವುಗಳ ಮೇಲ್ಸ್ವರಗಳಿಂದ ಎಂದು ವಿವರಿಸುವ ಪುಸ್ತಕ ತಂದ. ನಾವು ಅರ್ಧ ಪುಟದಲ್ಲಿ ಮುಗಿಸುವ ನಾದಗುಣ ರಮ್ಯಯುಗದ ಮಧ್ಯದಲ್ಲಿ ಹುಟ್ಟಿದ ವಿಜ್ಞಾನ.

ಆ ವಾದ್ಯಗಳನ್ನು ನೋಡಲು ಯುರೋಪಿಗೆ ಹೋಗಬೇಕಾಗಿಲ್ಲ. ಮದುವೆ ಸೀಸನ್ನಿನಲ್ಲಿ ವಿಜಯನಗರದ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ಸಂಜೆ ನಿಲ್ಲಿ, ಬ್ಯಾಂಡ್‌ಸೆಟ್‌ನವರ ತುತ್ತೂರಿ, ಕ್ಲಾರಿಯೊನೆಟ್ ಕಾಣುತ್ತವೆ. ಬಂಟ್ವಾಳದ ಕಡೆಯ ಹುಡುಗನೊಬ್ಬ ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನೋಡಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತದ ಗಮಕ ನುಡಿಸಲು ಪಟ್ಟುಹಿಡಿದ. ಅವರೇ ಕದ್ರಿ ಗೋಪಾಲನಾಥ್. ನನ್ನ ತರಗತಿಯ ಒಬ್ಬನ ಚಿಕ್ಕಪ್ಪ ಬ್ಯಾಂಡ್‌ಸೆಟ್‌ನಲ್ಲಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಆ ದಿನ. ಅಲ್ಲಿಯವರೆಗೆ ಅವನು ಅದನ್ನು ಶಾಲೆಯಲ್ಲಿ ಹೇಳಿಕೊಳ್ಳಬೇಕಾದ ಸಂಗತಿ ಎಂದುಕೊಂಡಿರಲಿಲ್ಲ.

ಅರಮನೆಯ ಮಾತು ಬಂದದ್ದರಿಂದ ನನ್ನ ಚಾರ್ಟಿನ ಎರಡನೇ ತಪ್ಪಿಗೆ ಬರುತ್ತೇನೆ. ಕೆಂಪು ಚೌಕದೊಳಗೆ ನಾನು ಆ ಯುಗವನ್ನು 1900ಕ್ಕೆ ಮುಗಿಸಿದ್ದೆ. ಅದು ಅಷ್ಟು ಬೇಗ ಮುಗಿಯಲಿಲ್ಲ. ಅದರ ಕೊನೆಯ ಅಧ್ಯಾಯದಲ್ಲಿ ಮೈಸೂರಿನ ಪಾತ್ರವಿದೆ.

ಜಯಚಾಮರಾಜ ಒಡೆಯರ್ ಅವರಿಗೆ ಪಿಯಾನೊ ವಾದಕರಾಗಬೇಕೆಂಬ ಆಸೆ ಇತ್ತು. 1940ರಲ್ಲಿ ಮೊದಲು ತಂದೆ, ಕೆಲವೇ ತಿಂಗಳಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್ ತೀರಿಕೊಂಡರು. ಇಪ್ಪತ್ತೊಂದನೇ ವಯಸ್ಸಿಗೆ ಸಿಂಹಾಸನ ಬಂತು, ಪಿಯಾನೊ ವೇದಿಕೆ ಹೋಯಿತು. ಆದರೂ ಆ ಸಂಗೀತವನ್ನು ಅವರು ಬಿಡಲಿಲ್ಲ. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಯೋಜಕ ವಯಸ್ಸಾಗಿ, ಆರೋಗ್ಯ ಕೆಟ್ಟು ಬದುಕುತ್ತಿದ್ದ. 1880ರಲ್ಲಿ ಹುಟ್ಟಿದವನು. ಸುತ್ತ ಎಲ್ಲರೂ ಹೊಸ ದಾರಿ ಹಿಡಿದಾಗಲೂ ಹಳೆಯ ರಮ್ಯ ಶೈಲಿಯಲ್ಲೇ ಬರೆಯುತ್ತಿದ್ದವನು. ಪಿಯಾನೊಗೆ ‘ಕಥೆಗಳು’ ಎಂಬ ಹೆಸರಿನಲ್ಲೇ ಹಲವು ಪುಟ್ಟ ರಚನೆ ಮಾಡಿದ್ದ. 1949ರಲ್ಲಿ ಮಹಾರಾಜರು ಮೆಟ್ನರ್ ಸೊಸೈಟಿ ಸ್ಥಾಪಿಸಿ ಅವನ ಕೃತಿಗಳನ್ನು ಅವನ ಕೈಯಿಂದಲೇ ಧ್ವನಿಮುದ್ರಣ ಮಾಡಿಸಿದರು. 1951ರಲ್ಲಿ ಅವನು ತೀರಿಕೊಂಡ. ಅಷ್ಟರಲ್ಲಿ ಮೂರು ಪಿಯಾನೊ ಕಾನ್ಸರ್ಟೊಗಳೂ ಹಲವು ಹಾಡುಗಳೂ ರೆಕಾರ್ಡಿಗೆ ಬಂದಿದ್ದವು. ಮೂರನೇ ಕಾನ್ಸರ್ಟೊವನ್ನು ಅವನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಅದರ ಹೆಸರು ‘ಬ್ಯಾಲಡ್’, ಅಂದರೆ ಕಥನಗೀತೆ.

ಮುಂದಿನ ವರ್ಷವೇ ಇನ್ನೊಂದು. ರಿಚರ್ಡ್ ಸ್ಟ್ರೌಸ್ 1949ರ ಸೆಪ್ಟೆಂಬರಿನಲ್ಲಿ ಸತ್ತಾಗ ಅವನ ಕೊನೆಯ ನಾಲ್ಕು ಹಾಡುಗಳನ್ನು ಯಾರೂ ಸಭೆಯಲ್ಲಿ ಹಾಡಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದರು. ಆ ಕಛೇರಿಯ ನಷ್ಟಕ್ಕೆ ಹಣದ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜರು. ತಾವು ಹೋಗಲಾಗದೆ, ಧ್ವನಿಮುದ್ರಣ ತರಿಸಿಕೊಂಡು ಕೇಳಲು ಈ ಏರ್ಪಾಡು. ಆಗ ಅವರ ಸಂಗ್ರಹದಲ್ಲಿ ಅಂದಾಜು 20,000 ರೆಕಾರ್ಡುಗಳಿದ್ದವಂತೆ. ಇದೇ ವ್ಯಕ್ತಿ ಶ್ರೀವಿದ್ಯಾ ಅಂಕಿತದಲ್ಲಿ 94 ಕರ್ನಾಟಕ ಶಾಸ್ತ್ರೀಯ ಕೃತಿಗಳನ್ನು ರಚಿಸಿದರು. ‘ಅದು ಅವರ ಸಂಗೀತ, ಇದು ನಮ್ಮ ಸಂಗೀತ’ ಎಂದು ನಮ್ಮ ಚರ್ಚೆಯಲ್ಲಿ ಒಬ್ಬರು ಮೇಜು ಕುಟ್ಟಿದಾಗ ನನಗೆ ನೆನಪಾದದ್ದು ಈ 94.

ಮಹಾರಾಜರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಅರಮನೆಯಲ್ಲಿ 20,000 ರೆಕಾರ್ಡುಗಳಿದ್ದ ಕಾಲದಲ್ಲಿ ಸಂಸ್ಥಾನದ ಎಷ್ಟು ಶಾಲೆಗಳಲ್ಲಿ ಒಂದು ಗ್ರಾಮಫೋನ್ ಇದ್ದೀತು ಎಂಬ ಪ್ರಶ್ನೆ ನನಗೂ ಬರುತ್ತದೆ. ಈ ಸಂಗೀತ ಇವತ್ತಿಗೂ ಕಾಸಿರುವವರ ಮನೆಯ ಸಂಗೀತ ಎಂಬ ಆಕ್ಷೇಪವನ್ನೂ ಒಪ್ಪುತ್ತೇನೆ. ಕಾಮಾಕ್ಷಿಪಾಳ್ಯದಿಂದ ನಡೆದು ಬರುವ ನನ್ನ ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಪಿಯಾನೊ ಇಲ್ಲ, ಪಿಯಾನೊ ಕ್ಲಾಸಿನ ಫೀಸು ಅವರ ಮನೆಗಳಿಗೆ ಎಟುಕುವಂಥದ್ದೂ ಅಲ್ಲ. ಆದರೆ ಅದೇ ಕಾರಣಕ್ಕೆ ಚಾರ್ಟು ಹೆಚ್ಚು ಅನ್ಯಾಯ ಮಾಡುತ್ತದೆ. ಪಿಯಾನೊ ಇರುವ ಮನೆಯ ಮಗು ಹಾಡು ಕೇಳುತ್ತದೆ, ಇಲ್ಲದ ಮನೆಯ ಮಗು ಹೆಸರನ್ನು ಬಾಯಿಪಾಠ ಮಾಡುತ್ತದೆ. ಮಹಾರಾಜರು ಹಡಗಿನಲ್ಲಿ ತರಿಸಿಕೊಳ್ಳಬೇಕಾಗಿದ್ದ ಸಂಗೀತ ಈಗ ನಮ್ಮೆಲ್ಲರ ಫೋನಿನಲ್ಲಿದೆ. ಸಿಗಲಿಲ್ಲ ಎನ್ನುವ ನೆಪ ನಮಗೆ ಉಳಿದಿಲ್ಲ.

ನನಗೆ ನಿಜವಾದ ಜಗಳ ಇರುವುದು ನಮ್ಮದೇ ಪದ್ಧತಿಯ ಜೊತೆ. 5ಇ ಮಾದರಿಯಲ್ಲಿ ಅನ್ವೇಷಣೆ ಮೊದಲು, ವಿವರಣೆ ಆಮೇಲೆ ಎಂದು ಪಾಠಯೋಜನೆಯಲ್ಲಿ ಕಾಲಂ ಹಾಕಿ ಬರೆಯುತ್ತೇವೆ. ತರಗತಿಗೆ ಹೋದ ತಕ್ಷಣ ವಿವರಣೆಯ ಚಾರ್ಟು ಬಿಚ್ಚುತ್ತೇವೆ. ಚಾರ್ಟಿಗೆ ಅಂಕವಿದೆ, ಅಕ್ಷರದ ಗಾತ್ರಕ್ಕೆ ಅಂಕವಿದೆ, ಹಿಂದಿನ ಬೆಂಚಿಗೆ ಕಾಣುತ್ತದೆಯೇ ಎಂಬುದಕ್ಕೂ ಅಂಕವಿದೆ. ಪ್ರಶಿಕ್ಷಣಾರ್ಥಿ ತಾನು ಹೇಳುತ್ತಿರುವ ವಸ್ತುವನ್ನು ಒಮ್ಮೆಯಾದರೂ ಕೇಳಿದ್ದಾಳೆಯೇ, ಮುಟ್ಟಿದ್ದಾಳೆಯೇ ಎಂಬುದಕ್ಕೆ ಅಂಕವಿಲ್ಲ. ಇಂಟರ್ನ್‌ಶಿಪ್ ಮುಗಿದ ಮೇಲೆ ಆ ಚಾರ್ಟುಗಳು ಶಿಕ್ಷಕರ ಕೊಠಡಿಯ ಬೀರುವಿನ ಮೇಲೆ ಧೂಳು ಹಿಡಿದು ಮಲಗುವುದನ್ನು ನಾವೆಲ್ಲ ನೋಡಿದ್ದೇವೆ. ಸಂಗೀತದಲ್ಲಿ ಈ ತಪ್ಪು ಬೇಗ ಕಾಣುತ್ತದೆ, ಅಷ್ಟೇ. ಲಿಟ್ಮಸ್ ಬಣ್ಣ ಬದಲಾಗುವುದನ್ನು ತೋರಿಸದೆ ಆಮ್ಲ–ಪ್ರತ್ಯಾಮ್ಲದ ಪಟ್ಟಿ ಬರೆಸಿದ ದಿನವೂ ನನಗಿದೆ. ಆ ದಿನ ಯಾರೂ ಕೈ ಎತ್ತಿ ಕೇಳಲಿಲ್ಲ.

ಎರಡನೇ ತರಗತಿಯ ಷರಾದಲ್ಲಿ ‘ಮಕ್ಕಳ ಭಾಗವಹಿಸುವಿಕೆ ಚೆನ್ನಾಗಿದೆ, ಉದ್ದೇಶಗಳು ಸಡಿಲ, ಸಮಯಪಾಲನೆ ಇಲ್ಲ’ ಎಂದಿದೆ. ಕೊನೆಯದು ನಿಜ. ಮೆಟ್ನರ್‌ನ ಕಾನ್ಸರ್ಟೊ ಮೂರು ನಿಮಿಷ ಆಗುವಷ್ಟರಲ್ಲಿ ಗಂಟೆ ಹೊಡೆಯಿತು. ಮೂರು ಹಾಡು ಒಂದು ಅವಧಿಗೆ ಹೆಚ್ಚಾಯಿತು, ಎರಡು ಸಾಕಿತ್ತು. ಉದ್ದೇಶ ಸಡಿಲ ಎಂಬುದನ್ನು ಮಾತ್ರ ಒಪ್ಪುವುದಿಲ್ಲ. ಎರಡು ದಿನದ ಮೇಲೆ ಕೊಟ್ಟ ಕಿರುಪರೀಕ್ಷೆಯಲ್ಲಿ ಆವೃತ್ತಿಗೂ ಪಾರಕ್ಕೂ ಇರುವ ವ್ಯತ್ಯಾಸಕ್ಕೆ ಉದಾಹರಣೆ ಕೇಳಿದ್ದೆ. ಬಹಳ ಮಂದಿ ಪಠ್ಯದ ಉದಾಹರಣೆ ಬಿಟ್ಟು ಆ ಮಗುವಿನ ಕೂಗನ್ನು ಬರೆದಿದ್ದರು.

ಮುಂದಿನ ಬ್ಯಾಚಿನಲ್ಲೂ ಯಾರಿಗಾದರೂ ಇದೇ ಚೀಟಿ ಬಂದೀತು. ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ: ಸೆಮಿನಾರಿನ ಮೌಲ್ಯಮಾಪನ ನಮೂನೆಯಲ್ಲಿ ‘ಪ್ರಶಿಕ್ಷಣಾರ್ಥಿ ಏನನ್ನು ಕೇಳಿಸಿದರು’ ಎಂಬ ಒಂದು ಸಾಲು ಸೇರಿಸಿ, ಅದಕ್ಕೆ ಚಾರ್ಟಿಗಿರುವಷ್ಟೇ ಅಂಕ ಇಡಿ. ಚೀಟಿ ಎತ್ತಿದವರು ನನ್ನ ಚಾರ್ಟಿನ ಫೋಟೊ ಹುಡುಕಬೇಡಿ, ಅದರ ಕೆಂಪು ಚೌಕ ತಪ್ಪು. ಯಾವ ಹಾಡನ್ನು ಎಷ್ಟನೇ ನಿಮಿಷದಿಂದ ಹಾಕಬೇಕೆಂದು ಬರೆದಿಟ್ಟ ಒಂದು ಹಾಳೆ ನನ್ನ ಹತ್ತಿರ ಇದೆ, ಕೊಡುತ್ತೇನೆ. ಸ್ಪೀಕರನ್ನೂ ಕೇಳಿ ಕೊಡಿಸಬಲ್ಲೆ. ಚಾರ್ಜರ್ ಮಾತ್ರ ನೀವೇ ತರಬೇಕು, ಅದರದ್ದು ಕಳೆದುಹೋಗಿದೆ.